ಚಲನಚಿತ್ರ ಹಂಚಿಕೆಯ ಅಗ್ಗದ ಷೇರುಗಳು: ಸಣ್ಣ ಹೂಡಿಕೆದಾರರು ತಿಳಿದಿರಬೇಕಾದ ಲೆಕ್ಕ

ಹಬ್ಬದ ವಹಿವಾಟು ಮುಗಿದು, ಬಾಕಿ ವಸೂಲಾಗಿ, ಮುಂದಿನ ಖರೀದಿಗೆ ಇನ್ನೂ ತಿಂಗಳೆರಡು ತಿಂಗಳು ಇರುವ ಕಾಲದಲ್ಲಿ ವರ್ತಕರ ಕೈಯಲ್ಲಿ ಸ್ವಲ್ಪ ಹಣ ನಿಲ್ಲುವುದುಂಟು. ಆ ಹಣವನ್ನು ಅಲ್ಪಾವಧಿಯಲ್ಲಿ ಬೆಳೆಸಿಕೊಳ್ಳುವ ಆಸೆಯೂ ಸಹಜವಾದುದೇ. ಇಂತಹ ಸಮಯದಲ್ಲಿ ಮೂರು ರೂಪಾಯಿಗೋ ನಾಲ್ಕು ರೂಪಾಯಿಗೋ ದೊರೆಯುವ ಷೇರೊಂದರ ಹೆಸರು ಕಿವಿಗೆ ಬೀಳುತ್ತದೆ. ಕಂಪನಿ ಚಲನಚಿತ್ರಗಳ ಹಂಚಿಕೆ ನಡೆಸುತ್ತದೆ, ದೊಡ್ಡ ಚಿತ್ರವೊಂದರ ಹಕ್ಕು ಅದರ ಕೈಸೇರಲಿದೆ, ಷೇರಿನ ಬೆಲೆ ಮೂರು ಪಟ್ಟಾಗಲಿದೆ ಎಂಬ ಮಾತು ಅದರ ಜೊತೆಗೇ ಬರುತ್ತದೆ. ಹಿಂದೆ ಈ ಮಾತು ದೂರವಾಣಿಯ ಕಿರುಸಂದೇಶದಲ್ಲಿ ಬರುತ್ತಿತ್ತು. ಈಗ ವಾಟ್ಸಾಪ್, ಟೆಲಿಗ್ರಾಂ ಗುಂಪುಗಳಲ್ಲಿಯೂ ಯೂಟ್ಯೂಬ್‌ನಲ್ಲಿಯೂ ಬರುತ್ತದೆ. ದಾರಿ ಬದಲಾಗಿದೆ, ಲೆಕ್ಕ ಬದಲಾಗಿಲ್ಲ. ಆ ಲೆಕ್ಕವನ್ನು ಬಿಡಿಸಿ ನೋಡುವುದು ಈ ಲೇಖನದ ಉದ್ದೇಶ.

ಪೆನ್ನಿ ಷೇರು ಎಂದರೇನು?

ಅಮೆರಿಕದಲ್ಲಿ ಸಾಮಾನ್ಯವಾಗಿ 5 ಡಾಲರಿಗಿಂತ ಕಡಿಮೆ ಬೆಲೆಯ ಷೇರನ್ನು ಪೆನ್ನಿ ಷೇರು ಎಂದು ಕರೆಯುತ್ತಾರೆ. ನಮ್ಮ ದೇಶದ ಕಾನೂನಿನಲ್ಲಿ ಇಂತಹ ವ್ಯಾಖ್ಯೆ ಇಲ್ಲ. ರೂಢಿಯಲ್ಲಿ ಹತ್ತು ರೂಪಾಯಿಯ ಒಳಗಿನ ಷೇರುಗಳಿಗೆ ಈ ಹೆಸರು ಸಲ್ಲುತ್ತದೆ. ಆದರೆ ಬೆಲೆಯೊಂದೇ ಲಕ್ಷಣವಲ್ಲ. ಮಾರುಕಟ್ಟೆಯಲ್ಲಿ ನಿಜವಾಗಿ ಕೈಬದಲಾಗುವ ಷೇರುಗಳ ಸಂಖ್ಯೆ ಅತ್ಯಲ್ಪವಾಗಿರುವುದು, ವ್ಯವಹಾರದ ಬಗ್ಗೆ ಪರಿಶೀಲಿಸಬಹುದಾದ ಮಾಹಿತಿ ಕಡಿಮೆ ಇರುವುದು ಮತ್ತು ಒಂದು ಸುದ್ದಿಯಿಂದಲೇ ಬೆಲೆ ಅಲುಗಾಡುವುದು ಇದರ ನಿಜವಾದ ಲಕ್ಷಣಗಳು.

‘ಐದು ಸಾವಿರ ರೂಪಾಯಿಗೆ ಸಾವಿರಾರು ಷೇರು’ ಎಂಬ ಸಂತೋಷ ಭ್ರಮೆಯಷ್ಟೆ. ಒಂದು ಷೇರಿನ ಬೆಲೆ 4 ರೂ. ಇದ್ದು ಕಂಪನಿಯ ಒಟ್ಟು ಷೇರುಗಳು 20 ಕೋಟಿ ಇದ್ದರೆ, ಮಾರುಕಟ್ಟೆ ಆ ಕಂಪನಿಗೆ ಕಟ್ಟಿರುವ ಬೆಲೆ 80 ಕೋಟಿ ರೂ. ವರ್ಷಕ್ಕೆ 6 ಕೋಟಿ ರೂ. ವಹಿವಾಟು ನಡೆಸುವ ಅಂಗಡಿಯನ್ನು 80 ಕೋಟಿ ಕೊಟ್ಟು ಯಾವ ವರ್ತಕನೂ ಕೊಳ್ಳಲಾರ. ಆದರೆ ಅದೇ ಅಂಗಡಿಯನ್ನು ನಾಲ್ಕು ರೂಪಾಯಿಯ ತುಂಡುಗಳಾಗಿ ಮಾಡಿ ಮಾರಿದಾಗ ಆ ಪ್ರಶ್ನೆಯನ್ನು ಕೇಳುವವರು ಕಡಿಮೆ.

ಹಂಚಿಕೆ ವ್ಯಾಪಾರದ ಸ್ವಭಾವ

ನಿರ್ಮಾಪಕನಿಂದ ಹಕ್ಕು ಪಡೆದು ಚಿತ್ರವನ್ನು ಪ್ರದರ್ಶಕನಿಗೆ ತಲುಪಿಸುವವನು ಹಂಚಿಕೆದಾರ. ಬೆಂಗಳೂರಿನ ಗಾಂಧಿನಗರದಲ್ಲಿ ಬೇರೂರಿದ ಕನ್ನಡ ಚಿತ್ರಗಳ ಹಂಚಿಕೆಯಲ್ಲಿ ಬೆಂಗಳೂರು–ಕೋಲಾರ–ತುಮಕೂರು ಸೇರಿದ ‘ಬಿ.ಕೆ.ಟಿ.’ಯಂತಹ ಪ್ರಾಂತಗಳಾಗಿ ರಾಜ್ಯವನ್ನು ವಿಂಗಡಿಸಿ ಹಕ್ಕುಗಳನ್ನು ಮಾರುವ ಪದ್ಧತಿ ಇದೆ. ಹಕ್ಕು ಪಡೆಯುವ ವಿಧಾನಗಳು ಮುಖ್ಯವಾಗಿ ಮೂರು: ಪೂರ್ಣ ಮೊತ್ತ ಕೊಟ್ಟು ಕೊಳ್ಳುವುದು; ಕನಿಷ್ಠ ಖಾತರಿ ಹಣ ಕೊಟ್ಟು, ಅದು ಮತ್ತು ಖರ್ಚು ಹಿಂದಿರುಗಿದ ಮೇಲೆ ಬರುವ ಲಾಭವನ್ನು ನಿರ್ಮಾಪಕನೊಡನೆ ಹಂಚಿಕೊಳ್ಳುವುದು; ಮುಂಗಡ ಕೊಟ್ಟು ಕಮಿಷನ್ ಆಧಾರದಲ್ಲಿ ಬಿಡುಗಡೆ ಮಾಡುವುದು. ಮೊದಲೆರಡರಲ್ಲಿ ನಷ್ಟದ ಹೊರೆ ಹಂಚಿಕೆದಾರನ ತಲೆಯ ಮೇಲೆ ಇರುತ್ತದೆ.

ಸ್ವತಂತ್ರ ಹಂಚಿಕೆದಾರನಿಗೆ ಸ್ವಂತ ಚಿತ್ರಮಂದಿರಗಳಾಗಲಿ, ಸ್ವಂತ ನಿರ್ಮಾಣವಾಗಲಿ ಇರುವುದಿಲ್ಲ. ಒಂದು ಚಿತ್ರದ ಸೋಲನ್ನು ಇನ್ನೊಂದರ ಗೆಲುವಿನಿಂದ ತುಂಬಿಕೊಳ್ಳಲು ಬೇಕಾದಷ್ಟು ಚಿತ್ರಗಳೂ ಅವನ ಕೈಯಲ್ಲಿರುವುದಿಲ್ಲ. ಚಿತ್ರದ ಭವಿಷ್ಯ ಮೊದಲ ವಾರದಲ್ಲಿಯೇ ತೀರ್ಮಾನವಾಗುವುದರಿಂದ ಅವನ ಸರಕು ತರಕಾರಿಯಂತೆ ಬೇಗ ಬಾಡುವಂಥದು. ತೆರಿಗೆ ಕಾನೂನೂ ಈ ಸ್ವಭಾವವನ್ನು ಗುರುತಿಸಿತ್ತು. 1962ರ ಆದಾಯ ತೆರಿಗೆ ನಿಯಮಗಳ 9ಬಿ ನಿಯಮದ ಪ್ರಕಾರ, ವರ್ಷಾಂತ್ಯಕ್ಕೆ ಕನಿಷ್ಠ 90 ದಿನ ಮೊದಲು ವಾಣಿಜ್ಯಿಕವಾಗಿ ಬಿಡುಗಡೆಯಾದ ಚಿತ್ರದ ಹಂಚಿಕೆ ಹಕ್ಕಿನ ಪೂರ್ಣ ವೆಚ್ಚವನ್ನು ಅದೇ ವರ್ಷದ ಆದಾಯದಿಂದ ಕಳೆಯಲು ಅವಕಾಶವಿತ್ತು. ತೊಂಬತ್ತು ದಿನಗಳ ನಂತರ ಆ ಹಕ್ಕಿನಲ್ಲಿ ಉಳಿಯುವ ಹುರುಳು ಅಲ್ಪವೆಂಬ ಅನುಭವವೇ ಇದರ ಹಿಂದಿರುವುದು.

ಲಾಭ ಹುಟ್ಟುವ ಬಗೆ

ಒಂದು ಉದಾಹರಣೆ ತೆಗೆದುಕೊಳ್ಳೋಣ. ಒಂದು ಕಂಪನಿ ಒಂದು ಚಿತ್ರಕ್ಕೆ 2 ಕೋಟಿ ರೂ. ಕನಿಷ್ಠ ಖಾತರಿ ಕೊಟ್ಟು, ಪ್ರಚಾರ ಮತ್ತು ಬಿಡುಗಡೆಗೆ 40 ಲಕ್ಷ ರೂ. ಖರ್ಚು ಮಾಡಿತೆನ್ನೋಣ. ಚಿತ್ರಮಂದಿರಗಳಿಂದ ಅದರ ಪಾಲಿಗೆ ಬಂದದ್ದು 1 ಕೋಟಿ 50 ಲಕ್ಷ ರೂ. ಆಗ ನಷ್ಟ 90 ಲಕ್ಷ ರೂ.

ಈಗ ಕಂಪನಿ ಆ 90 ಲಕ್ಷವನ್ನು ನಷ್ಟವೆಂದು ಬರೆಯದೆ, ‘ಟೆಲಿವಿಷನ್ ಮತ್ತು ಡಿಜಿಟಲ್ ಹಕ್ಕುಗಳು’ ಎಂಬ ಹೆಸರಿನಲ್ಲಿ ಆಸ್ತಿಯ ಕಡೆಗೆ ಸಾಗಿಸಿದರೆ ನಷ್ಟ ಮಾಯವಾಗುತ್ತದೆ. ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಆ ಹಕ್ಕುಗಳನ್ನು ತನ್ನವರೇ ನಡೆಸುವ ಇನ್ನೊಂದು ಸಂಸ್ಥೆಗೆ 1 ಕೋಟಿ 60 ಲಕ್ಷ ರೂ.ಗೆ ಸಾಲದ ಮೇಲೆ ಮಾರಿದಂತೆ ತೋರಿಸಿದರೆ 70 ಲಕ್ಷ ರೂ. ‘ಲಾಭ’ ಹುಟ್ಟುತ್ತದೆ. ಕಂಪನಿಯಲ್ಲಿ 5 ಕೋಟಿ ಷೇರುಗಳಿದ್ದರೆ ಪ್ರತಿ ಷೇರಿನ ಗಳಿಕೆ 14 ಪೈಸೆ. ಗಳಿಕೆಯ 30 ಪಟ್ಟು ಬೆಲೆ ಕಟ್ಟಿದರೆ ಷೇರಿಗೆ 4 ರೂ. 20 ಪೈಸೆ. ಗಲ್ಲಾಪೆಟ್ಟಿಗೆಗೆ ಮಾತ್ರ ಆ ಮಾರಾಟದಿಂದ ಒಂದು ಪೈಸೆಯೂ ಬಂದಿಲ್ಲ.

ಆದ್ದರಿಂದ ಇಂತಹ ಕಂಪನಿಯ ಲಾಭ–ನಷ್ಟ ಪಟ್ಟಿಗಿಂತ ನಗದು ಹರಿವಿನ ಪಟ್ಟಿಯನ್ನು ಮೊದಲು ಓದಬೇಕು. ಲಾಭ ವರ್ಷ ವರ್ಷ ಏರುತ್ತಿದ್ದು, ವ್ಯವಹಾರದಿಂದ ಬಂದ ನಗದು ವರ್ಷ ವರ್ಷ ಋಣಾತ್ಮಕವಾಗಿದ್ದರೆ, ಲಾಭ ಸಾಲಗಾರರ ಪಟ್ಟಿಯಲ್ಲಿಯೋ ‘ನಿರ್ಮಾಪಕರಿಗೆ ಮುಂಗಡ’ ಎಂಬ ಶೀರ್ಷಿಕೆಯಲ್ಲಿಯೋ ಸಿಕ್ಕಿಕೊಂಡಿದೆಯೆಂದು ತಿಳಿಯಬೇಕು.

ಹಿಂದಿನ ಪಾಠಗಳು

1998ರಲ್ಲಿ ಕೇಂದ್ರ ಸರ್ಕಾರ ಚಲನಚಿತ್ರ ಕ್ಷೇತ್ರಕ್ಕೆ ಉದ್ಯಮದ ಸ್ಥಾನಮಾನ ಘೋಷಿಸಿತು. ಅದರ ಬೆನ್ನಿಗೇ ಚಿತ್ರೋದ್ಯಮದ ಕಂಪನಿಗಳು ಸಾರ್ವಜನಿಕರಿಂದ ಬಂಡವಾಳ ಎತ್ತತೊಡಗಿದವು. ಮಾಹಿತಿ, ಸಂವಹನ, ಮನರಂಜನೆ ಎಂಬ ಮೂರು ಕ್ಷೇತ್ರಗಳ ಇಂಗ್ಲಿಷ್ ಮೊದಲಕ್ಷರಗಳನ್ನು ಸೇರಿಸಿ ‘ಐಸ್’ ಷೇರುಗಳೆಂದು ಕರೆದ ಕಾಲ ಅದು. 2001ರ ಮಾರ್ಚ್ ತಿಂಗಳ ಕುಸಿತದಲ್ಲಿ ಆ ಮಂಜುಗಡ್ಡೆ ಕರಗಿತು. ಹೆಸರು ನೋಡಿ ಕೊಂಡವರು ಕೈಯಲ್ಲಿ ನೀರು ಹಿಡಿದು ನಿಂತರು.

ಹಂಚಿಕೆ ಮತ್ತು ಪ್ರದರ್ಶನ ಕ್ಷೇತ್ರದ ಹೆಚ್ಚು ಸ್ಪಷ್ಟವಾದ ಪಾಠ ಚೆನ್ನೈನ ಪಿರಮಿಡ್ ಸಾಯಿಮಿರಾ ಥಿಯೇಟರ್ ಕಂಪನಿಯದು. 2006ರ ಡಿಸೆಂಬರ್‌ನಲ್ಲಿ ಷೇರಿಗೆ 100 ರೂ.ನಂತೆ ಸಾರ್ವಜನಿಕರಿಗೆ ಷೇರು ನೀಡಿದ ಈ ಕಂಪನಿ ಚಿತ್ರಮಂದಿರಗಳನ್ನು ನಡೆಸುವುದರ ಜೊತೆಗೆ ಹಂಚಿಕೆ, ನಿರ್ಮಾಣಗಳಿಗೂ ಕೈಹಾಕಿ ವಿದೇಶಗಳಿಗೂ ವಿಸ್ತರಿಸಿತು. 2008ರ ಡಿಸೆಂಬರ್ 22ರಂದು ಪತ್ರಿಕೆಗಳಲ್ಲಿ ಒಂದು ಸುದ್ದಿ ಬಂತು: ಷೇರಿಗೆ 250 ರೂ.ನಂತೆ ಸಾರ್ವಜನಿಕ ಷೇರುದಾರರಿಂದ ಷೇರು ಕೊಳ್ಳುವಂತೆ ಸೆಬಿ ಪ್ರವರ್ತಕರಿಗೆ ಆದೇಶಿಸಿದೆ. ಆಗಿನ ಮಾರುಕಟ್ಟೆ ಬೆಲೆ ಅದರ ಮೂರನೆಯ ಒಂದು ಭಾಗದ ಆಸುಪಾಸಿನಲ್ಲಿತ್ತು. ಖರೀದಿಗೆ ಜನ ಮುಗಿಬಿದ್ದರು. ಸೆಬಿ ಅಂತಹ ಪತ್ರವನ್ನು ಬರೆದೇ ಇರಲಿಲ್ಲ, ಪತ್ರ ನಕಲಿಯಾಗಿತ್ತು. ಕಂಪನಿಯ ದೊಡ್ಡ ಷೇರುದಾರರೊಬ್ಬರು ಅದರ ಹಿಂದೆ ಇದ್ದರೆಂದೂ ಸುದ್ದಿ ಬಂದ ದಿನವೇ ತಮ್ಮ ಷೇರುಗಳನ್ನು ಮಾರಿದರೆಂದೂ ಸೆಬಿ 2009ರ ಏಪ್ರಿಲ್ ಆದೇಶದಲ್ಲಿ ಹೇಳಿತು. ಅಂದು ಬೆಳಿಗ್ಗೆ ಕೊಂಡ ಸಣ್ಣ ಹೂಡಿಕೆದಾರ ಯಾರ ಷೇರನ್ನು ಕೊಂಡನೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇದೇ ಕಂಪನಿಯ ಲೆಕ್ಕಪತ್ರಗಳ ವಿಷಯ ಸರ್ವೋಚ್ಚ ನ್ಯಾಯಾಲಯದವರೆಗೂ ಹೋಯಿತು. ಆದಾಯ ಮತ್ತು ಲಾಭವನ್ನು ಉಬ್ಬಿಸಿ ತೋರಿಸಿದ ಪ್ರಕರಣದಲ್ಲಿ ಕಂಪನಿಯ ನಿರ್ದೇಶಕರೊಬ್ಬರ ಮೇಲೆ ಸೆಬಿ ವಿಧಿಸಿದ್ದ ಎರಡು ವರ್ಷಗಳ ನಿರ್ಬಂಧವನ್ನೂ 50 ಲಕ್ಷ ರೂ. ದಂಡವನ್ನೂ 2013ರ ಏಪ್ರಿಲ್ 26ರ ತೀರ್ಪಿನಲ್ಲಿ ನ್ಯಾಯಾಲಯ ಎತ್ತಿಹಿಡಿಯಿತು. ಕಂಪನಿ ತಾನಾಗಿ ಏನನ್ನೂ ಮಾಡುವುದಿಲ್ಲ, ನಿರ್ದೇಶಕರ ಮೂಲಕವೇ ಮಾಡುತ್ತದೆಂಬ ತತ್ವ ಅಲ್ಲಿ ಗಟ್ಟಿಯಾಯಿತು.

ಇದು ಹಳೆಯ ಕಥೆಯೆಂದು ಸಮಾಧಾನಪಡುವಂತಿಲ್ಲ. ಟೆಲಿವಿಷನ್ ಕ್ಷೇತ್ರದ ಸಾಧನಾ ಬ್ರಾಡ್‌ಕಾಸ್ಟ್ ಷೇರಿನ ಬಗ್ಗೆ 2022ರಲ್ಲಿ ಯೂಟ್ಯೂಬ್‌ನಲ್ಲಿ ಸುಳ್ಳು ವಿಡಿಯೋಗಳನ್ನು ಹರಡಿ ಬೆಲೆ ಏರಿಸಿ ಮಾರಿದ ಪ್ರಕರಣದಲ್ಲಿ ಸೆಬಿ 2023ರ ಮಾರ್ಚ್‌ನಲ್ಲಿ ಮಧ್ಯಂತರ ಆದೇಶವನ್ನೂ 2025ರ ಮೇ ತಿಂಗಳಲ್ಲಿ ಅಂತಿಮ ಆದೇಶವನ್ನೂ ಹೊರಡಿಸಿತು. ಸುಮಾರು 58 ಕೋಟಿ ರೂ. ಅಕ್ರಮ ಲಾಭವನ್ನು ಬಡ್ಡಿಸಮೇತ ಹಿಂದಿರುಗಿಸಬೇಕೆಂದು ಆದೇಶಿಸಿತು.

ಸರ್ಕ್ಯೂಟಿನ ಬಲೆ

ಇಂತಹ ಷೇರುಗಳಿಗೆ ವಿನಿಮಯ ಕೇಂದ್ರಗಳು ದಿನದ ಏರಿಳಿತಕ್ಕೆ ಹೆಚ್ಚಾಗಿ ಶೇ. 5ರ ಮಿತಿ ಇಡುತ್ತವೆ. ಇದನ್ನು ಅನೇಕರು ರಕ್ಷಣೆಯೆಂದು ಭಾವಿಸುತ್ತಾರೆ. ಲೆಕ್ಕ ನೋಡಿ: 3 ರೂ.ನ ಷೇರು ಸತತ 20 ದಿನ ಮೇಲ್ಮಿತಿ ಮುಟ್ಟಿದರೆ ಬೆಲೆ ಸುಮಾರು 8 ರೂ. ಆಗುತ್ತದೆ. ಏರುವಾಗ ಮಾರುವವರಿಲ್ಲದ ಕಾರಣ ಹೊರಗಿನವನಿಗೆ ಷೇರು ಸಿಗುವುದೇ ಇಲ್ಲ. ಮೇಲೇರಿದ ನಂತರವಷ್ಟೇ ಬೇಕಾದಷ್ಟು ಸಿಗುತ್ತದೆ. 8 ರೂ.ನಂತೆ 10,000 ಷೇರು ಕೊಂಡವನು 80,000 ರೂ. ತೊಡಗಿಸುತ್ತಾನೆ. ಮುಂದಿನ 20 ದಿನ ಕೆಳಮಿತಿ ಮುಟ್ಟಿದರೆ ಬೆಲೆ ಸುಮಾರು 2 ರೂ. 87 ಪೈಸೆ, ಉಳಿಯುವುದು 28,700 ರೂ. ಅದೂ ಕಾಗದದ ಮೇಲೆ ಮಾತ್ರ. ಕೆಳಮಿತಿಯಲ್ಲಿ ಕೊಳ್ಳುವವರೇ ಇರುವುದಿಲ್ಲ. ಒಳಬರುವ ಬಾಗಿಲು ಅಗಲ, ಹೊರಹೋಗುವ ಬಾಗಿಲು ಕಿಟಕಿಯಷ್ಟು. ಈ ಶೇ. 64ರ ನಷ್ಟವನ್ನು ತುಂಬಿಕೊಳ್ಳಲು ಅದೇ ಷೇರು ಶೇ. 179ರಷ್ಟು ಏರಬೇಕು.

ವ್ಯಾಪಾರದ ಹಣ ಮತ್ತು ತೆರಿಗೆ

ವರ್ತಕರಿಗೂ ಸಣ್ಣ ತಯಾರಕರಿಗೂ ನಿಜವಾದ ಅಪಾಯ ಇಲ್ಲಿದೆ. ಕಳೆದುಹೋಗುವುದು ಉಳಿತಾಯದ ಹಣವಾದರೆ ಮನೆಗೆ ನೋವು. ದುಡಿಯುವ ಬಂಡವಾಳವಾದರೆ ವ್ಯಾಪಾರಕ್ಕೇ ಪೆಟ್ಟು. ಬ್ಯಾಂಕಿನ ಕ್ಯಾಷ್ ಕ್ರೆಡಿಟ್ ಖಾತೆಯಿಂದ ಹಣ ತೆಗೆದು ಸ್ವಂತ ಹೆಸರಿನಲ್ಲಿ ಷೇರು ಕೊಂಡರೆ ಅದು ಸಾಲದ ಉದ್ದೇಶದ ಉಲ್ಲಂಘನೆ. ಆ ಭಾಗದ ಬಡ್ಡಿಯನ್ನು ವ್ಯಾಪಾರದ ಖರ್ಚೆಂದು ಕಳೆಯಲೂ ಆಗುವುದಿಲ್ಲ. ಸೂಕ್ಷ್ಮ ಮತ್ತು ಸಣ್ಣ ತಯಾರಕರಿಗೆ ಕೊಡಬೇಕಾದ ಹಣವನ್ನು ತಡೆಹಿಡಿದು ಷೇರಿಗೆ ಹಾಕಿದರೆ ಇನ್ನೊಂದು ತೊಡಕು ಇದೆ. ಗರಿಷ್ಠ 45 ದಿನಗಳ ಶಾಸನಬದ್ಧ ಗಡುವು ಮೀರಿ, ವರ್ಷಾಂತ್ಯಕ್ಕೂ ಪಾವತಿಯಾಗದ ಅಂತಹ ಬಾಕಿಯನ್ನು, 2024-25ರ ತೆರಿಗೆ ನಿರ್ಧಾರಣಾ ವರ್ಷದಿಂದ ಜಾರಿಗೆ ಬಂದ ನಿಯಮದ ಪ್ರಕಾರ, ಪಾವತಿಸಿದ ವರ್ಷದಲ್ಲಿ ಮಾತ್ರ ಖರ್ಚಾಗಿ ಕಳೆಯಬಹುದು. ಹಣ ಕೆಳಮಿತಿಯಲ್ಲಿ ಸಿಕ್ಕಿಕೊಂಡಿರುವಾಗ ತೆರಿಗೆಯೂ ಹೆಚ್ಚುತ್ತದೆ.

ಷೇರಿನ ಲಾಭಕ್ಕೆ 2024ರ ಜುಲೈ 23ರಿಂದ ಅಲ್ಪಾವಧಿಯಲ್ಲಿ ಶೇ. 20, ದೀರ್ಘಾವಧಿಯಲ್ಲಿ ವರ್ಷಕ್ಕೆ 1.25 ಲಕ್ಷ ರೂ. ಮೀರಿದ ಭಾಗಕ್ಕೆ ಶೇ. 12.5 ತೆರಿಗೆ ನಿಗದಿಯಾಯಿತು. ನಷ್ಟವನ್ನು ಮಾತ್ರ ವ್ಯಾಪಾರದ ಲಾಭದಿಂದ ಕಳೆಯುವಂತಿಲ್ಲ. ಬಂಡವಾಳ ಲಾಭದಿಂದಷ್ಟೇ ಕಳೆಯಬಹುದು. ಸಕಾಲದಲ್ಲಿ ವಿವರಣಪತ್ರ ಸಲ್ಲಿಸಿದ್ದರೆ ಎಂಟು ವರ್ಷ ಮುಂದಕ್ಕೆ ಒಯ್ಯಬಹುದು. ಮಾರಲಾಗದೆ ಡಿಮ್ಯಾಟ್ ಖಾತೆಯಲ್ಲಿ ಬಿದ್ದಿರುವ ಷೇರಿನ ಕುಸಿತವಾದರೋ, ಮಾರಾಟವಾಗುವವರೆಗೆ ನಷ್ಟವೆಂದೇ ಪರಿಗಣಿತವಾಗುವುದಿಲ್ಲ.

ಪೆನ್ನಿ ಷೇರಿನ ಮೂಲಕ ‘ಲಾಭ ತೋರಿಸಿಕೊಡುತ್ತೇವೆ’ ಎಂದು ಬರುವ ಮಧ್ಯವರ್ತಿಗಳನ್ನು ದೂರವಿಡಬೇಕು. ಕಡತ, ಬಿಲ್ಲುಗಳು ಸರಿಯಾಗಿದ್ದರೂ ಸುತ್ತಲಿನ ಸನ್ನಿವೇಶವನ್ನು ನೋಡಿ ಅಂತಹ ಲಾಭವನ್ನು ತೆರಿಗೆ ಇಲಾಖೆ ತಿರಸ್ಕರಿಸಬಹುದೆಂದು 2022ರ ಜೂನ್‌ನಲ್ಲಿ ಕಲ್ಕತ್ತಾ ಉಚ್ಚ ನ್ಯಾಯಾಲಯ ಇಲಾಖೆಯ ಪರವಾಗಿ ತೀರ್ಪಿತ್ತಿದೆ.

ಕೊಳ್ಳುವ ಮೊದಲು ಕೇಳಬೇಕಾದ ಪ್ರಶ್ನೆಗಳು

1. ಒಟ್ಟು ಷೇರುಗಳ ಸಂಖ್ಯೆಯನ್ನು ಬೆಲೆಯಿಂದ ಗುಣಿಸಿದರೆ ಬರುವ ಮೊತ್ತಕ್ಕೆ ಈ ವ್ಯವಹಾರವನ್ನು ಪೂರ್ತಿಯಾಗಿ ಕೊಳ್ಳಬಹುದೆ?

2. ಮೂರು ವರ್ಷಗಳಲ್ಲಿ ವ್ಯವಹಾರದಿಂದ ನಗದು ಬಂದಿದೆಯೆ? ಚಿತ್ರದ ಹಕ್ಕುಗಳನ್ನು ಎಷ್ಟು ವರ್ಷಗಳಲ್ಲಿ ಖರ್ಚಿಗೆ ಬರೆಯುತ್ತಾರೆ? ಸಂಬಂಧಿತ ಸಂಸ್ಥೆಗಳಿಗೆ ಮಾಡಿದ ಮಾರಾಟವೆಷ್ಟು?

3. ಪ್ರವರ್ತಕರ ಪಾಲು ಕುಗ್ಗುತ್ತಿದೆಯೆ? ಅದರಲ್ಲಿ ಅಡವಿಟ್ಟ ಭಾಗವೆಷ್ಟು? ಆದ್ಯತೆಯ ಮೇಲೆ ಹಂಚಿದ ಷೇರುಗಳ ನಿರ್ಬಂಧದ ಅವಧಿ ಮುಗಿಯುವುದು ಯಾವಾಗ?

4. ಲೆಕ್ಕಪರಿಶೋಧಕರು ನಡುವೆ ರಾಜೀನಾಮೆ ನೀಡಿದ್ದಾರೆಯೆ? ಅವರ ವರದಿಯಲ್ಲಿ ಷರತ್ತಿನ ಅಭಿಪ್ರಾಯವಿದೆಯೆ?

5. ಷೇರು 2017ರಲ್ಲಿ ಆರಂಭವಾದ ಜಿ.ಎಸ್.ಎಂ. ಅಥವಾ 2023ರಲ್ಲಿ ಆರಂಭವಾದ ಇ.ಎಸ್.ಎಂ. ನಿಗಾ ಪಟ್ಟಿಯಲ್ಲಿದೆಯೆ? ಈ ಪಟ್ಟಿಗಳನ್ನು ವಿನಿಮಯ ಕೇಂದ್ರಗಳೇ ಪ್ರಕಟಿಸುತ್ತವೆ.

6. ‘ದೊಡ್ಡ ಚಿತ್ರದ ಹಕ್ಕು’ ಎಂಬ ಸುದ್ದಿಯನ್ನು ಕಂಪನಿ ವಿನಿಮಯ ಕೇಂದ್ರಕ್ಕೆ ಲಿಖಿತವಾಗಿ ತಿಳಿಸಿದೆಯೆ? ತಿಳಿಸಿದ್ದರೆ ಮೊತ್ತ, ಅವಧಿ, ಪ್ರಾಂತ ಮೂರೂ ಅದರಲ್ಲಿವೆಯೆ?

7. ಈ ಹಣ ಪೂರ್ತಿ ಹೋದರೂ ಬರುವ ತಿಂಗಳ ಕೂಲಿ, ಬಾಡಿಗೆ, ಸರಬರಾಜುದಾರರ ಬಿಲ್ಲುಗಳು ನಿಲ್ಲದೆ ಸಲ್ಲುತ್ತವೆಯೆ?

ಮೋಸ ನಡೆದ ಮೇಲೆ ಸೆಬಿಯ ‘ಸ್ಕೋರ್ಸ್’ ವ್ಯವಸ್ಥೆಯಲ್ಲಿ ದೂರು ಸಲ್ಲಿಸಬಹುದು, ಸಲ್ಲಿಸಲೂಬೇಕು. ಆದರೆ ಅಷ್ಟರಲ್ಲಿ ಹಣ ಅನೇಕ ಕೈ ದಾಟಿರುತ್ತದೆ. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತಾಗುತ್ತದೆ.

ಚಿತ್ರ ಹಂಚಿಕೆ ಗೌರವಯುತವಾದ ವ್ಯಾಪಾರವೇ. ಅದರಲ್ಲಿ ಬೆವರು ಸುರಿಸಿ ಬಾಳುವ ಅನೇಕರಿದ್ದಾರೆ. ಆದರೆ ಅವರು ಚಿತ್ರವನ್ನು ನೋಡಿ, ಚಿತ್ರಮಂದಿರಗಳನ್ನು ಎಣಿಸಿ, ಕರಾರನ್ನು ಓದಿ ಹಣ ಹಾಕುತ್ತಾರೆ. ಇವುಗಳಲ್ಲಿ ಒಂದನ್ನೂ ಮಾಡದೆ ಅವರ ವ್ಯಾಪಾರದ ತುಂಡೊಂದನ್ನು ಕೇಳಿದ ಬೆಲೆಗೆ ಕೊಳ್ಳುವುದು ಹೂಡಿಕೆಯಾಗಲಾರದು. ಸರಕನ್ನು ಕೈಯಲ್ಲಿ ಹಿಡಿದು ನೋಡದೆ ಒಂದು ಮೂಟೆಯನ್ನೂ ಇಳಿಸಿಕೊಳ್ಳದ ವರ್ತಕ, ಷೇರಿನ ವಿಷಯದಲ್ಲಿಯೂ ಅದೇ ರೂಢಿಯನ್ನು ಪಾಲಿಸಿದರೆ ಸಾಕು.