ಲಾಯದ ಗೋಡೆಯ ಉಪ್ಪು

ಲಂಡನ್ನಿನ ಕೆನ್ಸಿಂಗ್ಟನ್, ಮೇಫೇರ್, ಬೇಸ್‌ವಾಟರ್ ಕಡೆ ದೊಡ್ಡ ಮನೆಗಳ ಬೆನ್ನಿಗೆ ಕಲ್ಲು ಹಾಸಿದ ಸಣ್ಣ ಓಣಿಗಳಿವೆ. ಮ್ಯೂಸ್ ಎನ್ನುತ್ತಾರೆ. 18, 19ನೇ ಶತಮಾನದ ಸಿರಿವಂತರ ಕುದುರೆ, ಸಾರೋಟುಗಳಿಗೆಂದು ಕಟ್ಟಿದವು. ಕೆಳಗೆ ಲಾಯ, ಮೇಲೆ ಸಾರೋಟು ಹೊಡೆಯುವವನ ಸಂಸಾರ ಮತ್ತು ಹುಲ್ಲಿನ ಅಟ್ಟ. ಮೋಟಾರು ಬಂದಮೇಲೆ ಲಾಯಗಳು ಗ್ಯಾರೇಜಾದವು, ಆಮೇಲೆ ಮನೆಗಳಾದವು. ಅಗಾಥಾ ಕ್ರಿಸ್ಟಿ ಕೂಡ ಕ್ರೆಸ್‌ವೆಲ್ ಪ್ಲೇಸ್‌ನಲ್ಲಿ ಇಂಥದ್ದೊಂದನ್ನು ಕೊಂಡಿದ್ದರು. ಆಳುಗಳ ಪಾಲಿನ ಆ ಜಾಗಕ್ಕೆ ಇವತ್ತು ಕೋಟಿಗಟ್ಟಲೆ ಬೆಲೆ.

ಕೊಳ್ಳಲು ಬಂದವರ ಕಣ್ಣು ಹೋಗುವುದು ಸಾರೋಟು ನುಗ್ಗುವಷ್ಟು ಅಗಲದ ಬಾಗಿಲಿನ ಮೇಲೆ, ಹುಲ್ಲು ಏರಿಸಲು ಹೊರಚಾಚಿದ ರಾಟೆಯ ತೊಲೆಯ ಮೇಲೆ. ಇಂಥ ಮನೆಗಳ ರಿಪೇರಿಯಲ್ಲಿ ತೊಡಗಿದ ಮೇಲೆ ನಾನು ಮೊದಲು ನೋಡುವುದು ಗೋಡೆಯ ಬುಡ.

ದಶಕಗಟ್ಟಲೆ ನಿಂತ ಕುದುರೆಗಳ ಮೂತ್ರ ನೆಲ, ಇಟ್ಟಿಗೆಗಳಿಗೆ ಇಳಿದು ನೈಟ್ರೇಟ್ ಆಗಿರುತ್ತದೆ. ನಮ್ಮ ಪೆಟ್ಲುಪ್ಪಿನ ಜಾತಿಯದೇ. 17ನೇ ಶತಮಾನದಲ್ಲಿ ರಾಜನ ಆಳುಗಳು ಮದ್ದಿನಪುಡಿಗೆಂದು ಇದನ್ನೇ ಹುಡುಕುತ್ತ ಜನರ ಲಾಯ, ಪಾರಿವಾಳದ ಗೂಡುಗಳ ನೆಲ ಅಗೆಯುತ್ತಿದ್ದರು. ಮುಂದೆ ಈಸ್ಟ್ ಇಂಡಿಯಾ ಕಂಪನಿ ಬಿಹಾರದಿಂದ ಹಡಗುಗಟ್ಟಲೆ ತರಿಸಿದ ಮೇಲೆ ಆ ಕಾಟ ತಪ್ಪಿತು. ಗೋಡೆಯಲ್ಲಿ ಉಳಿದ ಉಪ್ಪು ಮಾತ್ರ ಗಾಳಿಯ ತೇವವನ್ನು ಹೀರುತ್ತದೆ. ನೀರು ಎಲ್ಲೂ ಸೋರದಿದ್ದರೂ ಥಂಡಿ ದಿನ ಗೋಡೆ ಒದ್ದೆ, ಒಣ ದಿನ ಬಿಳಿ ಹುಡಿ.

ಒಂದು ಮನೆಯಲ್ಲಿ ಕಂಟ್ರಾಕ್ಟರು ನೆಲಕ್ಕೆ ಪ್ಲಾಸ್ಟಿಕ್ ಹಾಳೆ ಹಾಸಿ ಕಾಂಕ್ರೀಟು ಸುರಿದು, ಗೋಡೆಗೆ ಸಿಮೆಂಟು ಗಿಲಾವು ಮಾಡಿಸಿದ್ದ. ನೆಲದ ತೇವಕ್ಕೆ ಗೋಡೆಯೊಂದೇ ದಾರಿಯಾಯಿತು. ಅಡುಗೆಮನೆಯ ಬಣ್ಣ ಹಪ್ಪಳದ ಹಾಗೆ ಉಬ್ಬಿತು, ಬೆರಳು ಇಟ್ಟರೆ ಗಿಲಾವೂ ಜೊತೆಗೇ ಕಳಚಿ ಬಂತು. ಕೊನೆಗೆ ಎಲ್ಲ ಕಿತ್ತು ಸುಣ್ಣದ ಗಾರೆ ಬಳಿಯಬೇಕಾಯಿತು. ಅದು ಉಪ್ಪನ್ನು ಎಳೆದುಕೊಂಡು ತಾನು ಹಾಳಾಗುತ್ತದೆ, ಆಗ ಅದನ್ನು ತೆಗೆದು ಹೊಸದು ಬಳಿಯುವುದು. ಒಮ್ಮೆ ಬಳಿದದ್ದನ್ನು ಬೇಕೆಂದೇ ಹಾಳುಮಾಡಿಸಿ ಮತ್ತೆ ಬಳಿಸಬೇಕು ಎಂದರೆ ಯಾವ ಯಜಮಾನ ಒಪ್ಪುತ್ತಾನೆ? ಇನ್ನೊಂದು ಉಪಾಯವೆಂದರೆ ಗಾಳಿಗೆ ಜಾಗ ಬಿಟ್ಟು ಒಳಗೊಂದು ತೆಳು ಗೋಡೆ ಎಬ್ಬಿಸುವುದು. ಮೊದಲೇ ಕಿರಿದಾದ ಮನೆಯಲ್ಲಿ ಆ ಎರಡು ಮೂರು ಇಂಚಿಗೂ ಜಗಳ.

ಹಿಂಗೋಡೆಗೆ ಕಿಟಕಿ ಇಲ್ಲದಿರುವುದು ಇನ್ನೊಂದು ತೊಡಕು. ಆಳುಗಳು ಒಡೆಯರ ತೋಟವನ್ನು ಇಣುಕಬಾರದೆಂಬ ಏರ್ಪಾಡು ಅದು. ಹಾಗಾಗಿ ಬೆಳಕನ್ನು ಮಾಡಿನಿಂದಲೇ ಇಳಿಸಬೇಕು, ಮೆಟ್ಟಿಲ ಮೇಲೆ ಗಾಜು ಕೂರಿಸಿದರೆ ಕೆಳಗಿನ ಕೋಣೆಗೂ ಒಂದಿಷ್ಟು ಸಿಕ್ಕೀತು. ಸಂರಕ್ಷಿತ ಪಟ್ಟಿಯಲ್ಲಿರುವ ಕಟ್ಟಡವಾದರೆ ಗಾಜು ಕೂರಿಸುವುದಿರಲಿ, ಹುಲ್ಲು ಹಾಕುವ ಹಳೆಯ ಕಬ್ಬಿಣದ ತಟ್ಟಿ ಕೀಳುವುದಕ್ಕೂ ಸ್ಥಳೀಯ ಕೌನ್ಸಿಲ್ ಒಪ್ಪಬೇಕು. ಕೇಳದೆ ಕಿತ್ತರೆ ಕ್ರಿಮಿನಲ್ ಅಪರಾಧ.

ಕೊಳ್ಳುವ ಮುನ್ನ ಸರ್ವೆಯವರು ತೇವ ಅಳೆಯುವ ಮೀಟರು ತಂದು ಗೋಡೆಗೆ ಒತ್ತುತ್ತಾರೆ. ವಿದ್ಯುತ್ತಿನಿಂದ ಅಳೆಯುವ ಆ ಮೀಟರು ಉಪ್ಪು ಸಿಕ್ಕರೂ ತೇವವೆಂದೇ ತೋರಿಸುತ್ತದೆ. ಅದನ್ನೇ ನಂಬಿ ಗೋಡೆಗೆ ರಾಸಾಯನಿಕ ಚುಚ್ಚಿಸಿ ದುಡ್ಡು ಕಳೆದುಕೊಂಡವರು ಬೇಕಾದಷ್ಟಿದ್ದಾರೆ. ಒಂದು ಚೂರು ಗಾರೆಯನ್ನು ಪ್ರಯೋಗಾಲಯಕ್ಕೆ ಕಳಿಸಿ ನೈಟ್ರೇಟ್ ಇದೆಯೇ ಎಂದು ನೋಡಿಸಲು ತಗಲುವ ಖರ್ಚು ಅದರ ಮುಂದೆ ಏನೇನೂ ಅಲ್ಲ.