ಗುಡಾರ ಮಾಡುವವರ ಮುಂದೆ ಕೂತ ಪಂಡಿತ

ಇವತ್ತಿನ ವಾಕ್ಯಭಾಗ ಅಪೊಸ್ತಲರ ಕೃತ್ಯಗಳು 18ನೇ ಅಧ್ಯಾಯ. ಅಂಗಡಿ ಇಟ್ಟವರು, ಆನ್‌ಲೈನ್‌ನಲ್ಲಿ ಮಾರುವವರು, ಕ್ಯಾಟರಿಂಗ್ ಮಾಡುವವರು ನಮ್ಮ ಮಧ್ಯೆ ಇದ್ದೀರಿ. ಈ ಪಾಠ ವಿಶೇಷವಾಗಿ ನಿಮಗೆ.

ಅಪೊಲ್ಲೋಸನನ್ನು ನೋಡಿ. ಅಲೆಕ್ಸಾಂದ್ರಿಯದವನು, ಒಳ್ಳೆ ಮಾತುಗಾರ, ಶಾಸ್ತ್ರ ಬಲ್ಲವನು. ಉತ್ಸಾಹಕ್ಕೂ ಕೊರತೆ ಇಲ್ಲ. ಆದರೆ ಯೋಹಾನನ ದೀಕ್ಷಾಸ್ನಾನದ ಆಚೆಗಿನದು ಅವನಿಗೆ ಗೊತ್ತಿರಲಿಲ್ಲ. ಅದನ್ನು ಗಮನಿಸಿದವರು ಯಾರು? ಅಕ್ವಿಲ ಮತ್ತು ಪ್ರಿಸ್ಕಿಲ್ಲ. ಗುಡಾರ ಮಾಡಿ ಬದುಕುತ್ತಿದ್ದ ದಂಪತಿ. ಅವರು ಎಲ್ಲರೆದುರು ಅವನ ತಪ್ಪು ಎತ್ತಿ ಆಡಲಿಲ್ಲ. ತಮ್ಮ ಬಳಿಗೆ ಕರೆದು ತಿಳಿಸಿಕೊಟ್ಟರು. ಆ ಪಂಡಿತ ಕಸುಬಿನವರ ಮುಂದೆ ಕೂತು ಕಲಿತ. ಮುಂದೆ ಅಖಾಯದ ವಿಶ್ವಾಸಿಗಳಿಗೆ ಅವನಿಂದ ಬಹಳ ಸಹಾಯವಾಯಿತು.

ಪ್ರಿಯರೇ, ಉತ್ಸಾಹ ಬೇರೆ, ತಿಳುವಳಿಕೆ ಬೇರೆ.

2025ರ ಜುಲೈನಲ್ಲಿ ಬೆಂಗಳೂರಿನ ಬೇಕರಿ, ಕಾಂಡಿಮೆಂಟ್ಸ್ ಅಂಗಡಿಗಳಿಗೆ ವಾಣಿಜ್ಯ ತೆರಿಗೆ ಇಲಾಖೆಯ ನೋಟಿಸ್ ಬಂದದ್ದು ನೆನಪಿದೆ ಅಲ್ವಾ? ಯುಪಿಐನಲ್ಲಿ ಬಂದ ಹಣ ನೋಡಿ ಕಳಿಸಿದ್ದು. ಎಷ್ಟೋ ಕಡೆ ಕ್ಯೂಆರ್ ಕೋಡ್ ತೆಗೆದು ‘ಕ್ಯಾಶ್ ಮಾತ್ರ’ ಅಂತ ಬೋರ್ಡ್ ಹಾಕಿದರು. ನಿಯಮ ಏನು? ಸರಕು ಮಾರುವವರ ವಹಿವಾಟು ವರ್ಷಕ್ಕೆ 40 ಲಕ್ಷ, ಸೇವೆ ಕೊಡುವವರದು 20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಬೇಕು. ನೋಡೋದು ಲಾಭವನ್ನಲ್ಲ, ವಹಿವಾಟನ್ನು. ಭಾನುವಾರ ಬಾಗಿಲು ಮುಚ್ಚಿದರೂ, ದಿನಕ್ಕೆ 13 ಸಾವಿರ ವ್ಯಾಪಾರವಾದರೆ 40 ಲಕ್ಷ ದಾಟುತ್ತೆ. ಅದೇ ಕಾನೂನಿನಲ್ಲಿ ಸಣ್ಣವರಿಗೆ ಕಾಂಪೋಸಿಷನ್ ಸ್ಕೀಮ್ ಇದೆ: ಒಂದೂವರೆ ಕೋಟಿವರೆಗಿನ ಸರಕು ವ್ಯಾಪಾರಕ್ಕೆ ಶೇ 1 ತೆರಿಗೆ. ಆದರೆ ಆ ತೆರಿಗೆಯನ್ನು ಗಿರಾಕಿಯ ಬಿಲ್ಲಿಗೆ ಸೇರಿಸುವ ಹಾಗಿಲ್ಲ. ತಾಜಾ ಹಾಲು, ತರಕಾರಿಗೆ ತೆರಿಗೆಯೇ ಇಲ್ಲ. ತಿಳಿದವನಿಗೆ ಇದು ಲೆಕ್ಕ ಬರೆಯುವ ಕೆಲಸ. ತಿಳಿಯದವನಿಗೆ ನಿದ್ದೆ ಕೆಡಿಸುವ ಭಯ.

“ಪ್ರಾರ್ಥನೆ ಮಾಡಿದ್ದೀನಿ ಬ್ರದರ್, ಕರ್ತನು ನೋಡಿಕೊಳ್ತಾನೆ” ಅಂತ ಕೆಲವರು ನನಗೆ ಹೇಳ್ತಾರೆ. ಖಂಡಿತ ಪ್ರಾರ್ಥಿಸಿ. ಆದರೆ ಪ್ರಸಂಗಿ 10ನೇ ಅಧ್ಯಾಯದ ಮೊಂಡು ಕೊಡಲಿಯ ಮಾತನ್ನೂ ಓದಿ. ರಾತ್ರಿ ಹನ್ನೊಂದರವರೆಗೆ ಅಂಗಡಿಯಲ್ಲಿ ದುಡಿದು, ಲೆಕ್ಕ ಕಲಿಯೋಕೆ ಮಾತ್ರ ಅರ್ಧ ಗಂಟೆ ಇಲ್ಲ ಅನ್ನುವವನ ಕೈಯಲ್ಲಿರೋದು ಅದೇ ಕೊಡಲಿ. ಮಸೆಯೋಕೆ ಹಿಡಿಯುವ ಸಮಯ ದಂಡ ಅಲ್ಲ.

ಈ ವಾರ ಮೂರು ಕೆಲಸ ಮಾಡಿ. ಒಂದು, ನಿಮ್ಮ ವ್ಯಾಪಾರದಲ್ಲಿ ನಿಮಗೆ ಅರ್ಥವಾಗದ ಒಂದು ವಿಷಯ ಬರೆದುಕೊಳ್ಳಿ: ಜಿಎಸ್‌ಟಿ, ಸ್ಟಾಕ್, ಸಾಲದ ಬಡ್ಡಿ, ಯಾವುದಾದರೂ ಸರಿ. ಎರಡು, ಅದನ್ನು ಬಲ್ಲವರ ಹತ್ತಿರ ಹೋಗಿ ಕೂತು ಕೇಳಿ. ಅವರು ನಿಮಗಿಂತ ಚಿಕ್ಕವರಾದರೂ, ಕಡಿಮೆ ಓದಿದವರಾದರೂ ನಾಚಿಕೆ ಬೇಡ. ಮೂರು, ನಿಮಗೆ ಗೊತ್ತಿರೋದನ್ನು ಸಭೆಯಲ್ಲಿ ಹೊಸದಾಗಿ ವ್ಯಾಪಾರ ಶುರು ಮಾಡಿದ ಒಬ್ಬರಿಗೆ, ನಾಲ್ಕು ಜನರ ಮುಂದೆ ಅಲ್ಲ, ಮನೆಗೆ ಕರೆದು ಹೇಳಿಕೊಡಿ.

ಪ್ರಾರ್ಥಿಸೋಣ. ಕರ್ತನೇ, ಕಲಿಯುವ ತಗ್ಗಿದ ಮನಸ್ಸನ್ನೂ, ಕಲಿಸುವ ಪ್ರೀತಿಯನ್ನೂ ನಮಗೆ ಕೊಡು. ನಮ್ಮ ಕೈಕೆಲಸವೂ ನಮ್ಮ ಲೆಕ್ಕದ ಪುಸ್ತಕವೂ ನಿನ್ನ ಮುಂದೆ ಶುದ್ಧವಾಗಿರಲಿ. ಆಮೆನ್.