ಪೌತಿ ಖಾತೆ: ಸಕಾಲ ಮತ್ತು ಮಾಹಿತಿ ಹಕ್ಕು ಕಾಯಿದೆಗಳ ಉಪಯೋಗ

ಮುಂಗಾರಿನಲ್ಲಿ ಬಿತ್ತನೆ ಎರಡು ವಾರ ತಡವಾದರೆ ಇಳುವರಿ ಎಷ್ಟು ಕುಸಿಯುತ್ತದೆಂಬುದನ್ನು ರೈತರಿಗೆ ಹೇಳಿಕೊಡಬೇಕಾಗಿಲ್ಲ. ಕಾಗದಪತ್ರದ ಕೆಲಸಕ್ಕೂ ಇದೇ ಮಾತು ಅನ್ವಯಿಸುತ್ತದೆ. ಮನೆಯ ಯಜಮಾನ ತೀರಿಕೊಂಡು ವರ್ಷಗಳು ಕಳೆದರೂ ಪಹಣಿಯಲ್ಲಿ ಆತನ ಹೆಸರೇ ಉಳಿದಿರುವ ಕುಟುಂಬಗಳು ಹಳ್ಳಿಗಳಲ್ಲಿ ಕಂಡುಬರುತ್ತವೆ. ಹೊಲದಲ್ಲಿ ದುಡಿಯುವವಳು ಹೆಂಡತಿ, ದಾಖಲೆಯಲ್ಲಿರುವುದು ಗಂಡನ ಹೆಸರು. ಇಂಥ ಕುಟುಂಬಕ್ಕೆ ಬೆಳೆಸಾಲ, ಬೆಳೆ ವಿಮೆ, ಬರ ಪರಿಹಾರ ಎಲ್ಲದರಲ್ಲಿಯೂ ತೊಡಕು ಉಂಟಾಗುತ್ತದೆ. ಸಮಯಕ್ಕಾಗದ ಅರ್ಥ ಸಾವಿರವಿದ್ದರೂ ವ್ಯರ್ಥ ಎಂಬ ಗಾದೆ ಇಲ್ಲಿ ನೂರಕ್ಕೆ ನೂರು ನಿಜ.

ಸರ್ಕಾರಿ ಕಚೇರಿಗಳ ಕೆಲಸ ಚುರುಕಾಗಿ, ಪಾರದರ್ಶಕವಾಗಿ ನಡೆಯಲೆಂದು ಎರಡು ಕಾಯಿದೆಗಳು ಜಾರಿಯಲ್ಲಿವೆ. ಮೊದಲನೆಯದು ಗೊತ್ತಾದ ಅವಧಿಯಲ್ಲಿ ಕೆಲಸ ಮಾಡಿಕೊಡುವಂತೆ ವಿಧಿಸುತ್ತದೆ. ಎರಡನೆಯದು ಕೆಲಸ ಎಲ್ಲಿ ನಿಂತಿದೆ ಎಂಬುದನ್ನು ತಿಳಿಯುವ ಹಕ್ಕು ಕೊಡುತ್ತದೆ. ಪೌತಿ ಖಾತೆಯನ್ನೇ ಉದಾಹರಣೆಯಾಗಿಟ್ಟುಕೊಂಡು ಇವುಗಳ ಉಪಯೋಗವನ್ನು ಇಲ್ಲಿ ವಿವರಿಸಲಾಗಿದೆ.

ಪೂರ್ವ ಸಿದ್ಧತೆ

ಮರಣವನ್ನು 21 ದಿನಗಳೊಳಗೆ ನೋಂದಾಯಿಸಿ ಪ್ರಮಾಣಪತ್ರ ಪಡೆಯಬೇಕು. 1964ರ ಕರ್ನಾಟಕ ಭೂಕಂದಾಯ ಕಾಯಿದೆಯ 128ನೇ ಪ್ರಕರಣದಂತೆ, ವಾರಸಿನಿಂದ ಹಕ್ಕು ಪಡೆದವರು 3 ತಿಂಗಳೊಳಗೆ ಅದನ್ನು ವರದಿ ಮಾಡತಕ್ಕದ್ದು. ವರದಿ ಪಡೆದ ಅಧಿಕಾರಿಯು ಲಿಖಿತ ಸ್ವೀಕೃತಿ ಕೊಡತಕ್ಕದ್ದು. ಮರಣ ಪ್ರಮಾಣಪತ್ರ, ವಂಶವೃಕ್ಷ ಮತ್ತು ಪಹಣಿಯೊಂದಿಗೆ ನಾಡ ಕಚೇರಿಯಲ್ಲಿ ಅರ್ಜಿ ಸಲ್ಲಿಸಬೇಕು.

ವಂಶವೃಕ್ಷದಲ್ಲಿ ಹೆಂಡತಿಯ ಮತ್ತು ಮದುವೆಯಾಗಿ ಹೋದ ಹೆಣ್ಣುಮಕ್ಕಳ ಹೆಸರನ್ನು ಬಿಡಬಾರದು. ಹಿಂದೂ ಉತ್ತರಾಧಿಕಾರ ಕಾಯಿದೆಗೆ 2005ರಲ್ಲಿ ಆದ ತಿದ್ದುಪಡಿಯಂತೆ ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಗಂಡುಮಕ್ಕಳಷ್ಟೇ ಹಕ್ಕಿದೆ. ಹೆಸರು ಬಿಟ್ಟರೆ ಮುಂದೆ ತಕರಾರು ಎದ್ದು ಇಡೀ ಕೆಲಸ ನಿಲ್ಲುತ್ತದೆ. ತಕರಾರು ಬಂದ ಪ್ರಕರಣ ವಿಚಾರಣೆಯಾಗಿಯೇ ತೀರ್ಮಾನವಾಗಬೇಕಾಗುವುದರಿಂದ ಹೆಚ್ಚು ಕಾಲ ಹಿಡಿಯುತ್ತದೆ.

ಸಕಾಲ ಕಾಯಿದೆ

ಸೇವೆಯನ್ನು ಖಾತರಿಪಡಿಸುವ ಇಂಥ ಕಾಯಿದೆಯನ್ನು ದೇಶದಲ್ಲಿ ಮೊದಲು ತಂದದ್ದು ಮಧ್ಯಪ್ರದೇಶ, 2010ರಲ್ಲಿ. ಕರ್ನಾಟಕದ ಕಾಯಿದೆ 2011ರದು. ಔರಾದ್, ಧಾರವಾಡ, ಚಿತ್ರದುರ್ಗ ಮತ್ತು ಪುತ್ತೂರು ತಾಲ್ಲೂಕುಗಳಲ್ಲಿ ಪ್ರಾಯೋಗಿಕವಾಗಿ ನಡೆಸಿದ ನಂತರ, 2012ರ ಏಪ್ರಿಲ್ 2ರಿಂದ ಇಡೀ ರಾಜ್ಯಕ್ಕೆ ವಿಸ್ತರಿಸಲಾಯಿತು. ಆಗ 11 ಇಲಾಖೆಗಳ 151 ಸೇವೆಗಳಿದ್ದವು. ನಂತರ ಪಟ್ಟಿ ಬಹಳ ಬೆಳೆದಿದೆ.

ರೈತರು ಗಮನಿಸಬೇಕಾದ ಅಂಶಗಳು:

1. ಅರ್ಜಿ ಕೊಟ್ಟ ಕೂಡಲೇ 15 ಅಂಕಿಗಳ ಸಕಾಲ ಸಂಖ್ಯೆಯಿರುವ ಸ್ವೀಕೃತಿ ಪಡೆಯಬೇಕು. ಈ ಸಂಖ್ಯೆಯಿಲ್ಲದೆ ಅರ್ಜಿ ಕೊಟ್ಟು ಬರುವುದು ಬೀಜ ಲೆಕ್ಕವಿಡದೆ ಬಿತ್ತಿದಂತೆ.

2. ಸೇವೆಗೆ ಗೊತ್ತುಪಡಿಸಿದ ದಿನಗಳನ್ನು ಕಚೇರಿಯಲ್ಲಿ ಕೇಳಿ, ಸ್ವೀಕೃತಿಯ ಮೇಲೆಯೇ ಗುರುತು ಹಾಕಿಕೊಳ್ಳಬೇಕು.

3. ಅರ್ಜಿ ತಿರಸ್ಕರಿಸಿದರೆ ಕಾರಣವನ್ನು ಲಿಖಿತವಾಗಿ ಕೊಡಬೇಕು. ಬಾಯಿಮಾತಿನ ನಿರಾಕರಣೆಯನ್ನು ಒಪ್ಪಬೇಕಾಗಿಲ್ಲ.

4. ತಿರಸ್ಕೃತವಾದರೆ ಅಥವಾ ಅವಧಿ ಮೀರಿದರೆ 30 ದಿನಗಳೊಳಗೆ ಸಕ್ಷಮ ಅಧಿಕಾರಿಗೆ ಮೇಲ್ಮನವಿ ಸಲ್ಲಿಸಬಹುದು. ಅಲ್ಲಿಯೂ ಪರಿಹಾರ ಸಿಗದಿದ್ದರೆ ಮೇಲ್ಮನವಿ ಪ್ರಾಧಿಕಾರವಿದೆ.

5. ವಿಳಂಬಕ್ಕೆ ದಿನಕ್ಕೆ 20 ರೂಪಾಯಿಯಂತೆ, ಗರಿಷ್ಠ 500 ರೂಪಾಯಿವರೆಗೆ ಪರಿಹಾರ ವೆಚ್ಚ ಸಿಗುತ್ತದೆ. ಇದನ್ನು ತಪ್ಪಿತಸ್ಥರಿಂದ ವಸೂಲು ಮಾಡಲಾಗುತ್ತದೆ. ಮೊತ್ತ ಚಿಕ್ಕದಾದರೂ ತಡ ಯಾರಿಂದ ಆಯಿತೆಂಬುದು ದಾಖಲಾಗುವುದೇ ಇದರ ಬಲ.

ಮಾಹಿತಿ ಹಕ್ಕು ಕಾಯಿದೆ

ಕರ್ನಾಟಕದಲ್ಲಿ 2000ದಲ್ಲಿಯೇ ಇಂಥದೊಂದು ಕಾಯಿದೆ ಬಂದಿತ್ತು. 2005ರ ಅಕ್ಟೋಬರ್ 12ರಿಂದ ಕೇಂದ್ರದ ಕಾಯಿದೆ ಪೂರ್ಣವಾಗಿ ಜಾರಿಗೆ ಬಂದಿತು. ಅರ್ಜಿ ಶುಲ್ಕ 10 ರೂಪಾಯಿ. ಬಡತನ ರೇಖೆಗಿಂತ ಕೆಳಗಿರುವವರಿಗೆ ಶುಲ್ಕವಿಲ್ಲ. ಮಾಹಿತಿ ಏಕೆ ಬೇಕೆಂದು ಹೇಳಬೇಕಾಗಿಲ್ಲ. 30 ದಿನಗಳೊಳಗೆ ಉತ್ತರ ಬರಬೇಕು.

ಪ್ರಶ್ನೆ ಕೇಳುವುದರಲ್ಲಿಯೇ ಈ ಕಾಯಿದೆಯ ಫಲ ಅಡಗಿದೆ. "ನನ್ನ ಕೆಲಸ ಏಕೆ ಮಾಡಿಲ್ಲ?" ಎಂದು ಕೇಳಿದರೆ ಉಪಯೋಗವಿಲ್ಲ, ಕಚೇರಿಯಲ್ಲಿರುವ ದಾಖಲೆಯನ್ನು ಮಾತ್ರ ಕೇಳಬಹುದು. ಪೌತಿ ಖಾತೆಯ ವಿಷಯದಲ್ಲಿ ಹೀಗೆ ಕೇಳುವುದು ಒಳ್ಳೆಯದು: ಇಂಥ ದಿನಾಂಕದ, ಇಂಥ ಸಂಖ್ಯೆಯ ಅರ್ಜಿಯ ಮೇಲೆ ಯಾವ ಯಾವ ದಿನ ಏನು ಕ್ರಮ ಕೈಗೊಳ್ಳಲಾಗಿದೆ; ಅರ್ಜಿ ಯಾವ ಅಧಿಕಾರಿಯ ಬಳಿ ಎಷ್ಟು ದಿನ ಇತ್ತು; ಕಡತದ ಟಿಪ್ಪಣಿ ಹಾಳೆಯ ನಕಲು. ಕರ್ನಾಟಕದ ನಿಯಮದಂತೆ ಒಂದು ಅರ್ಜಿ ಒಂದೇ ವಿಷಯಕ್ಕೆ ಸೀಮಿತವಾಗಿರಬೇಕು.

ಉತ್ತರ ಬಾರದಿದ್ದರೆ 30 ದಿನಗಳೊಳಗೆ ಅದೇ ಕಚೇರಿಯ ಮೇಲಧಿಕಾರಿಗೆ ಮೊದಲ ಮೇಲ್ಮನವಿಯನ್ನೂ, ನಂತರ 90 ದಿನಗಳೊಳಗೆ ರಾಜ್ಯ ಮಾಹಿತಿ ಆಯೋಗಕ್ಕೆ ಎರಡನೆಯದನ್ನೂ ಸಲ್ಲಿಸಬಹುದು. ತಕ್ಕ ಕಾರಣವಿಲ್ಲದೆ ಮಾಹಿತಿ ಕೊಡದ ಅಧಿಕಾರಿಗೆ ಆಯೋಗವು ದಿನಕ್ಕೆ 250 ರೂಪಾಯಿಯಂತೆ 25,000 ರೂಪಾಯಿವರೆಗೆ ದಂಡ ವಿಧಿಸಬಹುದು.

ಯಾವುದನ್ನು ಯಾವಾಗ?

ಕೆಲಸ ಆಗಬೇಕಾದರೆ ಸಕಾಲ. ಕೆಲಸ ಏಕೆ ನಿಂತಿತೆಂದು ತಿಳಿಯಬೇಕಾದರೆ ಮಾಹಿತಿ ಹಕ್ಕು. ಮಾಹಿತಿ ಹಕ್ಕಿನ ಅರ್ಜಿಯಿಂದ ಖಾತೆ ಬದಲಾಗುವುದಿಲ್ಲ. ಆದರೆ ಅದರಿಂದ ದೊರೆತ ನಕಲು ಮೇಲ್ಮನವಿಗೆ ಆಧಾರವಾಗುತ್ತದೆ. ಆದ್ದರಿಂದ ಮೊದಲು ಸಕಾಲ, ಅದು ತಪ್ಪಿದರೆ ಮೇಲ್ಮನವಿ, ಜೊತೆಗೆ ಮಾಹಿತಿಯ ಅರ್ಜಿ ಎಂಬ ಕ್ರಮವನ್ನು ಅನುಸರಿಸುವುದು ಸೂಕ್ತ.

ಖಾತೆ ಬದಲಾದ ಮೇಲೂ ಕೆಲಸ ಮುಗಿಯಲಿಲ್ಲ. ಹೊಸ ಪಹಣಿಯಲ್ಲಿ 9ನೇ ಕಲಮಿನ ಹೆಸರು, ವಿಸ್ತೀರ್ಣ, ಮತ್ತು 11ನೇ ಕಲಮಿನ ಋಣಗಳ ವಿವರ ಸರಿಯಾಗಿವೆಯೇ ಎಂದು ನೋಡಬೇಕು. ತಪ್ಪಿದ್ದರೆ ತಕ್ಷಣ ತಿದ್ದುಪಡಿಗೆ ಅರ್ಜಿ ಸಲ್ಲಿಸಬೇಕು. ನಂತರ ಫ್ರೂಟ್ಸ್ ನೋಂದಣಿಯನ್ನೂ ಸರಿಪಡಿಸಿಕೊಳ್ಳಬೇಕು.

ವಿಸ್ತರಣಾ ಕಾರ್ಯಕರ್ತರು ಬಿತ್ತನೆಗೆ ಮುಂಚಿನ ಸಭೆಗಳಲ್ಲಿ ಬೀಜ, ಗೊಬ್ಬರದ ಮಾತಿನೊಂದಿಗೆ "ನಿಮ್ಮ ಪಹಣಿ ಯಾರ ಹೆಸರಿನಲ್ಲಿದೆ?" ಎಂಬ ಒಂದು ಪ್ರಶ್ನೆಯನ್ನೂ ಕೇಳುವುದು ಲೇಸು. ಬರ ಬಿದ್ದ ವರ್ಷ ಪರಿಹಾರದ ಪಟ್ಟಿ ಸಿದ್ಧವಾದ ಮೇಲೆ ಕಚೇರಿಗೆ ಅಲೆಯುವುದಕ್ಕಿಂತ, ಬಿಡುವಿನ ದಿನಗಳಲ್ಲಿಯೇ ದಾಖಲೆ ನೇರ್ಪಡಿಸಿಕೊಳ್ಳುವುದು ಜಾಣತನ.